ಹಾಸನ, ಚಿಕ್ಕಮಗಳೂರಿನಿಂದ ಎಂ.ಪ್ಲಾನ್‌ಗೆ: ನಗರ ಮತ್ತು ಪ್ರಾದೇಶಿಕ ಯೋಜನೆ ಓದಲು ಹೊರಟವರಿಗೆ

ನಗರ ಯೋಜನೆ ಎಂದೊಡನೆ ಹಾಸನದವರಿಗೆ ಹುಡಾ ಸೈಟು ನೆನಪಾಗುತ್ತದೆ, ಚಿಕ್ಕಮಗಳೂರಿನವರಿಗೆ ಸಿಡಿಎ ಬಡಾವಣೆ. ಎರಡೂ ಆಯಾ ಊರಿನ ನಗರಾಭಿವೃದ್ಧಿ ಪ್ರಾಧಿಕಾರದ ಹೆಸರು. ಸೈಟು ಹಂಚುವುದು ಈ ವಿದ್ಯೆಯ ತೀರಾ ಸಣ್ಣ ತುದಿ. ಊರು ಯಾವ ದಿಕ್ಕಿಗೆ ಬೆಳೆಯಬೇಕು, ಕೆರೆಗೆ ನೀರು ಹರಿದುಬರುವ ಹಳ್ಳವನ್ನು ಎಲ್ಲಿಂದ ಎಲ್ಲಿಯವರೆಗೆ ಮುಟ್ಟಬಾರದು, ಇಪ್ಪತ್ತು ವರ್ಷದ ಮೇಲೆ ಎಷ್ಟು ಜನರಿಗೆ ಎಷ್ಟು ನೀರು ಬೇಕು, ಬೈಪಾಸ್ ಬಂದರೆ ಯಾವ ಪೇಟೆ ಸೊರಗುತ್ತದೆ ಎಂಬುದನ್ನೆಲ್ಲ ಲೆಕ್ಕ, ನಕ್ಷೆ, ಕಾನೂನು ಮೂರನ್ನೂ ಎದುರಿಗಿಟ್ಟುಕೊಂಡು ತೀರ್ಮಾನಿಸುವುದನ್ನು ಎಂ.ಪ್ಲಾನ್, ಅಂದರೆ ಮಾಸ್ಟರ್ ಆಫ್ ಪ್ಲಾನಿಂಗ್, ಕಲಿಸುತ್ತದೆ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಚಿತ್ರ ಬಿಡಿಸಲು ಬರುವವರಿಗೆ ಮಾತ್ರ ಈ ಕೋರ್ಸು ಎಂಬ ನಂಬಿಕೆ ಎಲ್ಲ ಕಡೆ ಇದೆ, ಅದು ತಪ್ಪು. ಗೆರೆ ಎಳೆಯಲು ಬಾರದವರು ಎರಡು ತಿಂಗಳಲ್ಲಿ ಕಲಿಯುತ್ತಾರೆ. ಅಂಕಿ-ಅಂಶದ ಪಟ್ಟಿ ಕಂಡರೆ ಬೆವರುವವರೇ ನಿಜವಾಗಿ ಕಷ್ಟಪಡುವವರು.

ಯಾವ ಪದವಿ ಇದ್ದರೆ ಸೇರಬಹುದು

ಬಿ.ಆರ್ಕ್, ಬಿ.ಪ್ಲಾನ್ ಮತ್ತು ಸಿವಿಲ್ ಬಿ.ಇ. ಮಾಡಿದವರಿಗೆ ಬಾಗಿಲು ನೇರವಾಗಿ ತೆರೆದಿದೆ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜುಗಳ ಸಿವಿಲ್ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸ್ಟ್ರಕ್ಚರ್ ಇಲ್ಲವೇ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಕಡೆಗೇ ಹೋಗುತ್ತಾರೆ. ಅದೇ ಪದವಿಯಿಂದ ಯೋಜನೆಗೂ ಬರಬಹುದು ಎಂಬುದು ಅನೇಕರಿಗೆ ಗೊತ್ತಾಗುವ ಹೊತ್ತಿಗೆ ಗೇಟ್ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆಯ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ.

ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಿಂದಲೂ ಬರಬಹುದು. ಆದರೆ ಹೆಚ್ಚಿನ ಸಂಸ್ಥೆಗಳು ಆ ವಿಷಯದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಕೇಳುತ್ತವೆ. ಬರೀ ಬಿ.ಎ. ಸಾಲುವುದಿಲ್ಲ. ಹಾಗಾಗಿ ಬಿ.ಎ. ಮುಗಿಸಿದವರು ಎಂ.ಎ.ಗೆ ಎರಡು, ಎಂ.ಪ್ಲಾನ್‌ಗೆ ಎರಡು, ಒಟ್ಟು ನಾಲ್ಕು ವರ್ಷ ಲೆಕ್ಕ ಹಾಕಿಕೊಳ್ಳಬೇಕು. ಪಿಯುಸಿಯಲ್ಲೇ ಈ ಕಡೆ ಮನಸ್ಸಿದ್ದವರಿಗೆ ನಾಲ್ಕು ವರ್ಷದ ಬಿ.ಪ್ಲಾನ್ ಒಳ್ಳೆಯದು. ಕೇಂದ್ರದ ಸಂಸ್ಥೆಗಳಿಗೆ ಅದರ ಪ್ರವೇಶ ಜೆಇಇ ಮೇನ್‌ನ 2ಬಿ ಪತ್ರಿಕೆಯ ಮೂಲಕ.

ಕೋರ್ಸಿನ ಹೆಸರಿನಲ್ಲಿ ಸಣ್ಣ ವ್ಯತ್ಯಾಸ ಕಂಡರೂ ಓದುವ ವಿಷಯ ಬಹಳ ಬದಲಾಗುತ್ತದೆ. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ನಗರ, ಪ್ರಾದೇಶಿಕ, ಸಾರಿಗೆ, ವಸತಿ, ಪರಿಸರ ಎಂದು ಬೇರೆ ಬೇರೆ ವಿಭಾಗಗಳಿವೆ. ಐಐಟಿ ಖರಗ್‌ಪುರದ್ದು ಸಿಟಿ ಪ್ಲಾನಿಂಗ್, ರೂರ್ಕಿಯದ್ದು ನಗರ ಮತ್ತು ಗ್ರಾಮೀಣ ಯೋಜನೆ, ಎನ್‌ಐಟಿ ಕಲ್ಲಿಕೋಟೆಯದ್ದು ನಗರ ಯೋಜನೆ. ನಮ್ಮ ಅಭಿಪ್ರಾಯ ಕೇಳಿದರೆ, ಮುಂದೆ ಮಲೆನಾಡಿನಲ್ಲೇ ಕೆಲಸ ಮಾಡುವ ಆಸೆ ಇರುವವರು ಪ್ರಾದೇಶಿಕ ಅಥವಾ ಪರಿಸರ ಯೋಜನೆ ಆರಿಸಲಿ. ಬೆಂಗಳೂರಿನಲ್ಲಿ ಬೇಗ ಕೆಲಸ ಹಿಡಿಯಬೇಕೆನ್ನುವವರಿಗೆ ಸಾರಿಗೆ ಯೋಜನೆ ಹತ್ತಿರದ ದಾರಿ. ನಗರ ಯೋಜನೆ ಎಲ್ಲದಕ್ಕೂ ಹೊಂದುತ್ತದೆ, ಆದರೆ ಅದಕ್ಕೇ ಸ್ಪರ್ಧೆಯೂ ಹೆಚ್ಚು.

ಪ್ರವೇಶದ ಬಾಗಿಲುಗಳು

ಎನ್‌ಐಟಿಗಳು, ಭೋಪಾಲ್ ಮತ್ತು ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಮುಂತಾದವುಗಳಿಗೆ ಗೇಟ್ ಅಂಕ ಇಟ್ಟುಕೊಂಡು ಸಿಸಿಎಂಟಿ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಹೋಗಬೇಕು. ಅಲ್ಲಿ ಸಾಮಾನ್ಯ, ಒಬಿಸಿ, ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲ) ವರ್ಗಕ್ಕೆ ಪದವಿಯಲ್ಲಿ ಶೇ. 60 ಅಥವಾ 6.5 ಸಿಜಿಪಿಎ ಬೇಕು. ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ ಶೇ. 55 ಅಥವಾ 6.0. ಯಾವ ಕೋರ್ಸಿಗೆ ಯಾವ ಪದವಿ, ಯಾವ ಗೇಟ್ ಪತ್ರಿಕೆ ನಡೆಯುತ್ತದೆ ಎಂಬ ಪಟ್ಟಿ ಅದೇ ಜಾಲತಾಣದಲ್ಲಿರುತ್ತದೆ. ಗೇಟ್ ಅರ್ಜಿ ತುಂಬುವ ಮೊದಲೇ ಹಿಂದಿನ ವರ್ಷದ ಪಟ್ಟಿಯನ್ನು ಒಮ್ಮೆ ನೋಡಿ. ಪತ್ರಿಕೆ ತಪ್ಪಾಗಿ ಆರಿಸಿಕೊಂಡರೆ ಎಷ್ಟು ಅಂಕ ಬಂದರೂ ಆ ಕೋರ್ಸಿಗೆ ಉಪಯೋಗವಿಲ್ಲ.

ಐಐಟಿಗಳ ದಾರಿ ಬೇರೆ. ಅಲ್ಲಿ ಕೋಆಪ್ ಎಂಬ ವೇದಿಕೆ ಇದೆ. ಅದರಲ್ಲಿ ನೋಂದಾಯಿಸಿಕೊಂಡು ಸುಮ್ಮನೆ ಕಾದು ಕೂತವರಿಗೆ ಸೀಟು ಬರುವುದಿಲ್ಲ. ಗೇಟ್ ಫಲಿತಾಂಶ ಬಂದ ಮೇಲೆ ಪ್ರತಿ ಐಐಟಿಯ ಸ್ವಂತ ಪೋರ್ಟಲ್‌ನಲ್ಲಿ ಬೇರೆಯಾಗಿ ಅರ್ಜಿ ಹಾಕಬೇಕು. ಆಮೇಲೆ ಬರುವ ಸೀಟಿನ ಕರೆಯನ್ನು ಒಪ್ಪುವುದು, ಬಿಡುವುದು ಮಾತ್ರ ಕೋಆಪ್‌ನಲ್ಲಿ ನಡೆಯುತ್ತದೆ. ಪ್ರತಿ ವರ್ಷ ಒಳ್ಳೆಯ ಅಂಕ ಬಂದವರೂ ಇಲ್ಲಿ ಎಡವುತ್ತಾರೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ತನ್ನದೇ ಅರ್ಜಿ, ತನ್ನದೇ ಆಯ್ಕೆ ನಡೆಸುತ್ತದೆ. ಶುಲ್ಕ ದುಬಾರಿ, ಸ್ಟುಡಿಯೋ (ಗುಂಪಾಗಿ ಒಂದು ಊರಿನ ಯೋಜನೆ ಮಾಡುವ ತರಗತಿ) ಕೆಲಸ ಬಿಗಿ.

ಹತ್ತಿರದ ದಾರಿ ಮೈಸೂರು. ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಮಾನಸಗಂಗೋತ್ರಿಯಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಎಂ.ಟೆಕ್. ನಡೆಸುತ್ತದೆ. ಹಾಸನದಿಂದ ನೇರ ರೈಲಿದೆ. ರಾಜ್ಯದ ಎಂ.ಟೆಕ್., ಎಂ.ಆರ್ಕ್ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತದೆ. ಹೀಗಾಗಿ ಕೆಇಎ ಮತ್ತು ವಿಶ್ವವಿದ್ಯಾಲಯ ಎರಡರ ಅಧಿಸೂಚನೆಯ ಮೇಲೂ ಕಣ್ಣಿಡಿ. ದೂರದ ದೊಡ್ಡ ಹೆಸರಿಗೆ ಮರುಳಾಗಿ ಮೈಸೂರನ್ನು ಕಡೆಗಣಿಸುವವರಿದ್ದಾರೆ. ರಾಜ್ಯದ ಕಾನೂನು, ರಾಜ್ಯದ ಕಡತ, ಕನ್ನಡದ ಪಹಣಿ ಇವುಗಳೊಂದಿಗೆ ಕೆಲಸ ಮಾಡಬೇಕಾದವರಿಗೆ ಇಲ್ಲಿ ಓದಿದ್ದು ನಷ್ಟವಾಗುವುದಿಲ್ಲ.

ಸಿಸಿಎಂಟಿಯಲ್ಲಿ ಸೀಟು ಸಿಕ್ಕ ಮೇಲೆ ಫ್ರೀಜ್, ಸ್ಲೈಡ್, ಫ್ಲೋಟ್ ಎಂಬ ಮೂರು ಆಯ್ಕೆ ಬರುತ್ತವೆ. ಫ್ರೀಜ್ ಎಂದರೆ ಇದೇ ಸಾಕು. ಸ್ಲೈಡ್ ಎಂದರೆ ಇದೇ ಸಂಸ್ಥೆಯಲ್ಲಿ ನಾನು ಮೇಲೆ ಬರೆದ ಇನ್ನೊಂದು ಕೋರ್ಸು ಸಿಕ್ಕರೆ ಕೊಡಿ. ಫ್ಲೋಟ್ ಎಂದರೆ ಪಟ್ಟಿಯಲ್ಲಿ ಮೇಲಿರುವ ಯಾವ ಸಂಸ್ಥೆ ಸಿಕ್ಕರೂ ಸರಿ. ಮುಂದಿನ ಸುತ್ತಿನಲ್ಲಿ ಮೇಲಿನದು ಸಿಕ್ಕಿತೆಂದರೆ ಕೈಯಲ್ಲಿದ್ದ ಸೀಟು ತಾನಾಗಿ ಹೋಗುತ್ತದೆ, ಮತ್ತೆ ಬೇಕೆಂದರೆ ಸಿಗುವುದಿಲ್ಲ. ಹಾಗಾಗಿ ಸೇರಲು ಇಷ್ಟವಿಲ್ಲದ ಊರನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆಯಬೇಡಿ.

ಜಾತಿ-ಆದಾಯ ಪತ್ರದ ವಿಷಯ ಒಂದು ಪ್ಯಾರಾದಷ್ಟು ಗಮನ ಬೇಡುತ್ತದೆ. ರಾಜ್ಯದ 2ಎ, 3ಎ, 3ಬಿ ಪ್ರಮಾಣಪತ್ರ ಪಿಜಿಸಿಇಟಿಗೆ ನಡೆಯುತ್ತದೆ, ಸಿಸಿಎಂಟಿಗೆ ನಡೆಯುವುದಿಲ್ಲ. ಅಲ್ಲಿಗೆ ಕೇಂದ್ರದ ನಮೂನೆಯ ಒಬಿಸಿ ಕೆನೆಪದರರಹಿತ ಪತ್ರ ಬೇಕು, ಅದೂ ಆ ಸಾಲಿನ ಏಪ್ರಿಲ್ 1ರ ನಂತರ ಕೊಟ್ಟದ್ದು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ಇಲ್ಲದಿದ್ದರೆ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇದ್ದು ಆಸ್ತಿಯ ಮಿತಿಯೊಳಗೆ ಬಂದರೆ, ಇಡಬ್ಲ್ಯುಎಸ್ ಪತ್ರಕ್ಕೆ ಅರ್ಜಿ ಹಾಕಬಹುದು. ಕಾಫಿ ತೋಟ ಇರುವ ಕುಟುಂಬಗಳು ಇಲ್ಲಿ ಗಮನಿಸಬೇಕು. ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿ ಜಮೀನಿದ್ದರೆ ಆದಾಯ ಎಷ್ಟೇ ಕಡಿಮೆಯಿದ್ದರೂ ಇಡಬ್ಲ್ಯುಎಸ್ ಸಿಗುವುದಿಲ್ಲ. ನಾಡಕಚೇರಿಗೆ ಏಪ್ರಿಲ್‌ನಲ್ಲೇ ಹೋಗಿ. ಕೌನ್ಸೆಲಿಂಗ್ ಶುರುವಾದ ಮೇಲೆ ಹೋದರೆ ಅಲ್ಲಿ ಆಗಲೇ ಶಾಲಾ ಪ್ರವೇಶದ ಜನಸಂದಣಿ ಇರುತ್ತದೆ.

ಗೇಟ್ ಪರೀಕ್ಷೆ

ಎಆರ್ ಎಂಬ ಪತ್ರಿಕೆ ವಾಸ್ತುಶಿಲ್ಪ ಮತ್ತು ಯೋಜನೆಯದ್ದು. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ, 60 ಎಲ್ಲರಿಗೂ ಸಮಾನ ಭಾಗಕ್ಕೆ, ಉಳಿದ 25ಕ್ಕೆ ವಾಸ್ತುಶಿಲ್ಪ ಅಥವಾ ಯೋಜನೆ ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಬಹುಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಬರೆದರೆ ಒಂದು ಅಂಕದ್ದರಲ್ಲಿ ಮೂರನೇ ಒಂದು, ಎರಡು ಅಂಕದ್ದರಲ್ಲಿ ಮೂರನೇ ಎರಡು ಕಳೆಯುತ್ತಾರೆ. ಸಂಖ್ಯೆ ತುಂಬುವ ಪ್ರಶ್ನೆಗೆ ಕಳೆಯುವುದಿಲ್ಲ. ಆದ್ದರಿಂದ ಲೆಕ್ಕದ ಪ್ರಶ್ನೆಯನ್ನು ಖಾಲಿ ಬಿಡಬಾರದು. ಅಂಕ ಮೂರು ವರ್ಷ ಊರ್ಜಿತ. ಪದವಿಯ ಮೂರನೇ ವರ್ಷದಲ್ಲಿರುವವರೂ ಬರೆಯಬಹುದು. ಪರೀಕ್ಷೆ ಫೆಬ್ರುವರಿಯಲ್ಲಿ, ಅರ್ಜಿ ಹಿಂದಿನ ವರ್ಷದ ಆಗಸ್ಟ್ ಕೊನೆಯ ಹೊತ್ತಿಗೆ ಶುರು. ಅಂದರೆ ಗಣಪತಿ ಹಬ್ಬದ ಆಸುಪಾಸಿನಲ್ಲಿ ತೀರ್ಮಾನ ಆಗಿರಬೇಕು.

ಲೆಕ್ಕಗಳು ಕಷ್ಟದವಲ್ಲ, ಅಭ್ಯಾಸವಿಲ್ಲದಿದ್ದರೆ ಸಮಯ ತಿನ್ನುತ್ತವೆ. ಒಂದು ನೋಡಿ: ಥರ್ಟಿ-ಫಾರ್ಟಿ ಸೈಟು, 1200 ಚದರ ಅಡಿ. ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.75, ನೆಲ ಆವರಿಸುವ ಮಿತಿ ಶೇ. 65 ಎಂದಿರಲಿ. ಒಟ್ಟು ಕಟ್ಟಬಹುದಾದದ್ದು 2100 ಚದರ ಅಡಿ, ಒಂದು ಮಹಡಿಗೆ ಗರಿಷ್ಠ 780. ಎರಡು ಮಹಡಿಗೆ 1560 ಹೋದರೆ ಮೂರನೆಯದಕ್ಕೆ ಉಳಿಯುವುದು 540 ಮಾತ್ರ. ಪರೀಕ್ಷೆಯಲ್ಲಿ ಇದೇ ಲೆಕ್ಕ ಚದರ ಮೀಟರಿನಲ್ಲಿ, ಹತ್ತು ಮನೆಗಳ ಗುಂಪಿಗೆ, ಪಾರ್ಕಿಂಗ್ ಸೇರಿಸಿ ಬರುತ್ತದೆ. ಇನ್ನೊಂದು ನೀರಿನದು. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಪ್ರಮಾಣ. 2011ರಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ ಸುಮಾರು 1.18 ಲಕ್ಷ. ಗುಣಿಸಿದರೆ ದಿನಕ್ಕೆ ಸುಮಾರು 1.6 ಕೋಟಿ ಲೀಟರ್, ಅಂದರೆ 16 ಎಂಎಲ್‌ಡಿ (ದಿನಕ್ಕೆ ದಶಲಕ್ಷ ಲೀಟರ್). ಕೊಳವೆಯಲ್ಲಿ ಶೇ. 15 ಸೋರುತ್ತದೆ ಎಂದರೆ 16ಕ್ಕೆ ಶೇ. 15 ಕೂಡಿಸಬಾರದು, 16ನ್ನು 0.85ರಿಂದ ಭಾಗಿಸಬೇಕು. ಉತ್ತರ 18.8. ಕೂಡಿಸಿದವರು 18.4 ಬರೆದು ಎರಡು ಅಂಕ ಕಳೆದುಕೊಳ್ಳುತ್ತಾರೆ.

ಸಿದ್ಧಾಂತದ ಭಾಗದಲ್ಲಿ ಹೆಸರು-ಇಸವಿ ಕಂಠಪಾಠ ಮಾಡುವ ಬದಲು ಪ್ರತಿಯೊಂದನ್ನೂ ಊರಿಗೆ ಹಚ್ಚಿ ನೋಡಿ. ಫಾನ್ ಥ್ಯೂನೆನ್ 1826ರಲ್ಲಿ ಹೇಳಿದ್ದು, ಪೇಟೆಯಿಂದ ದೂರ ಹೋದಂತೆ ಸಾಗಾಣಿಕೆ ಖರ್ಚಿಗೆ ತಕ್ಕಂತೆ ಬೆಳೆ ಬದಲಾಗುತ್ತದೆ ಎಂದು. ಹಾಸನದ ಸುತ್ತಲ ಆಲೂಗೆಡ್ಡೆ, ತರಕಾರಿಗೆ ಅದು ಸ್ವಲ್ಪ ಹೊಂದುತ್ತದೆ. ಸಕಲೇಶಪುರ ತಲುಪಿದೊಡನೆ ಕೆಡುತ್ತದೆ, ಏಕೆಂದರೆ ಅಲ್ಲಿ ಬೆಳೆಯನ್ನು ನಿರ್ಧರಿಸುವುದು ಮಳೆ, ಎತ್ತರ, ನೆರಳು. ಸಿದ್ಧಾಂತ ಒಂದೇ ಸಮನಾದ ಬಯಲನ್ನು ಊಹಿಸಿಕೊಂಡಿದೆ. ಹೀಗೆ ಓದಿದವರು ಯಾವ ಊಹೆ ಮುರಿದರೆ ಏನಾಗುತ್ತದೆ ಎಂಬ ಪ್ರಶ್ನೆಗೂ ಉತ್ತರ ಬರೆಯಬಲ್ಲರು. ಭಾರತದ ಇತಿಹಾಸದಲ್ಲಿ ಮೈಸೂರನ್ನು ಬಿಡಬೇಡಿ: ಪ್ಲೇಗಿನ ನಂತರ 1903ರಲ್ಲಿ ಅಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಓಟೋ ಕೋನಿಗ್ಸ್‌ಬರ್ಗರ್ ಮುಂದೆ ಭುವನೇಶ್ವರದ ಯೋಜನೆ ಮಾಡಿದರು.

ಸೇರುವ ಮೊದಲು ಊರಲ್ಲೇ ಮಾಡಬೇಕಾದ ಅಭ್ಯಾಸ

ಫೆಬ್ರುವರಿಯಲ್ಲಿ ಪರೀಕ್ಷೆ ಮುಗಿದರೆ ತರಗತಿ ಶುರುವಾಗುವುದು ಜುಲೈ-ಆಗಸ್ಟ್‌ನಲ್ಲಿ. ನಡುವಿನ ಐದು ತಿಂಗಳು ಬಹುತೇಕ ವ್ಯರ್ಥವಾಗುತ್ತವೆ. ನಿಮ್ಮ ತಾಲ್ಲೂಕನ್ನೇ ಒಂದು ಪ್ರದೇಶವೆಂದು ತೆಗೆದುಕೊಂಡು ನಕ್ಷೆ, ಜನಸಂಖ್ಯೆ, ಪೇಟೆ, ಜಮೀನು ಈ ನಾಲ್ಕನ್ನು ಕೈಯಾರೆ ಮಾಡಿದರೆ ಮೊದಲ ಸೆಮಿಸ್ಟರ್‌ನ ಅರ್ಧ ಭಾರ ಇಳಿಯುತ್ತದೆ.

ನಕ್ಷೆಗೆ ಕ್ಯೂಜಿಐಎಸ್ ಎಂಬ ತಂತ್ರಾಂಶ ಸಾಕು, ಉಚಿತ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಗಳನ್ನು ಅವರ ಜಾಲತಾಣದಿಂದ ಇಳಿಸಿಕೊಳ್ಳಿ. ಹಾಸನದವರಿಗೆ ಒಂದು ತೊಡಕಿದೆ. 13 ಡಿಗ್ರಿ ಉತ್ತರ ಅಕ್ಷಾಂಶ ನಗರದ ಮೇಲೇ ಹಾದುಹೋಗುತ್ತದೆ, ಹಾಳೆಗಳ ಅಂಚೂ ಅದೇ ಗೆರೆ. ಒಂದೇ ಹಾಳೆ ಇಳಿಸಿಕೊಂಡರೆ ಅರ್ಧ ಊರು ಇರುವುದಿಲ್ಲ. ಮೇಲಿನದು ಕೆಳಗಿನದು ಎರಡನ್ನೂ ಜೋಡಿಸಬೇಕು. ಪ್ರೊಜೆಕ್ಷನ್ (ಭೂಮಿಯ ಗುಂಡನೆಯ ಮೈಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಕ್ರಮ) ಆಗಿ ಯುಟಿಎಂ ವಲಯ 43 ಉತ್ತರ, ಅಂದರೆ ಇಪಿಎಸ್‌ಜಿ ಸಂಕೇತ 32643 ಇಡಿ. ಎರಡೂ ಜಿಲ್ಲೆಗಳು ಪೂರ್ತಿ ಈ ವಲಯದೊಳಗೇ ಬರುತ್ತವೆ. ಹೊಸಬರು ಅಕ್ಷಾಂಶ-ರೇಖಾಂಶದ ಇಪಿಎಸ್‌ಜಿ 4326ರಲ್ಲೇ ಬಿಟ್ಟು ಕೆರೆಯ ವಿಸ್ತೀರ್ಣ ಕೇಳುತ್ತಾರೆ, 0.00004 ಎಂಬ ಉತ್ತರ ಬರುತ್ತದೆ. ಅದು ಚದರ ಡಿಗ್ರಿ, ಎಕರೆಯಲ್ಲ. ಇನ್ನು ಕೆಲವರು ಅದನ್ನೇ ಯಾವುದೋ ಸಂಖ್ಯೆಯಿಂದ ಗುಣಿಸಿ ಸರಿಮಾಡಲು ಹೊರಡುತ್ತಾರೆ. ಪದರವನ್ನು ಹೊಸ ಪ್ರೊಜೆಕ್ಷನ್‌ನಲ್ಲಿ ಉಳಿಸಿ ಮತ್ತೆ ಅಳೆಯುವುದೊಂದೇ ಸರಿಯಾದ ದಾರಿ.

ಸರ್ವೆ ನಂಬರ್ ಗುರುತಿಸಲು ದಿಶಾಂಕ್ ಆ್ಯಪ್, ಗಡಿಗಳಿಗೆ ಕೆ-ಜಿಐಎಸ್ ಪೋರ್ಟಲ್, ಮಾಲೀಕತ್ವ ಮತ್ತು ಬೆಳೆಗೆ ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದ ಪಹಣಿ. ದಿಶಾಂಕ್‌ನ ಗೆರೆ ಉಪಗ್ರಹ ಚಿತ್ರದ ಮೇಲೆ ಕೆಲವು ಮೀಟರ್ ಸರಿದು ಕೂರುವುದುಂಟು. ದಾರಿ ತಿಳಿಯಲು ಅದು ಸಾಕು, ಒತ್ತುವರಿ ತೀರ್ಮಾನಿಸಲು ಸಾಲದು. ಅದಕ್ಕೆ ಸರ್ವೆಯರ್ ಬಂದೇ ಅಳೆಯಬೇಕು.

ಜನಸಂಖ್ಯೆಗೆ ಜಿಲ್ಲಾ ಜನಗಣತಿ ಕೈಪಿಡಿ ತೆಗೆಯಿರಿ. 2011ರದ್ದೇ ಕೊನೆಯದು, ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ. ಹೀಗಾಗಿ ಈಗ ಮಾಡುವ ಯಾವ ಯೋಜನೆಯಲ್ಲೂ ಅಂದಾಜಿನ ಪಾಲು ದೊಡ್ಡದು. ಇಲ್ಲಿ ಈ ಎರಡು ಜಿಲ್ಲೆಗಳು ಒಳ್ಳೆಯ ಪಾಠ ಹೇಳುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2001ರಲ್ಲಿ 11,40,905, 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಸುಮಾರು ಮೂರು ಸಾವಿರ ಇಳಿದಿದೆ. ಹಾಸನ ಜಿಲ್ಲೆ ಅದೇ ಅವಧಿಯಲ್ಲಿ 17,21,669ರಿಂದ 17,76,421ಕ್ಕೆ ಏರಿತು, ಬೆಳವಣಿಗೆ ಶೇ. 3ರ ಆಸುಪಾಸು. ಜಿಲ್ಲೆಯ ದರವನ್ನೇ ಚಿಕ್ಕಮಗಳೂರು ನಗರಕ್ಕೆ ಹಚ್ಚಿದರೆ ಊರು ಕುಗ್ಗುತ್ತದೆಂದು ಉತ್ತರ ಬರುತ್ತದೆ, ಆದರೆ ನಗರ ಬೆಳೆದಿದೆ. ತೋಟದ ಹಳ್ಳಿಗಳಿಂದ ಜನ ಹೊರಟಿದ್ದಾರೆ, ಒಂದು ಪಾಲು ಪಟ್ಟಣಕ್ಕೆ, ದೊಡ್ಡ ಪಾಲು ಬೆಂಗಳೂರು-ಮಂಗಳೂರಿಗೆ. ಆದ್ದರಿಂದ ಅಂದಾಜನ್ನು ನಗರಕ್ಕೆ ಒಂದು, ಸುತ್ತಲ ಪಂಚಾಯಿತಿಗಳಿಗೆ ಒಂದು, ಉಳಿದ ಗ್ರಾಮಗಳಿಗೆ ಒಂದು ಎಂದು ಬೇರೆ ಬೇರೆ ಮಾಡಿ. ಅಂಕಗಣಿತ (ಪ್ರತಿ ದಶಕಕ್ಕೆ ಒಂದೇ ಸಂಖ್ಯೆ ಕೂಡುವುದು), ಜ್ಯಾಮಿತಿ (ಒಂದೇ ಶೇಕಡಾ ದರದಲ್ಲಿ ಬೆಳೆಸುವುದು), ಹೆಚ್ಚಳದ ಹೆಚ್ಚಳ (ಹೆಚ್ಚಳವೂ ಬದಲಾಗುತ್ತ ಹೋಗುತ್ತದೆಂದು ಲೆಕ್ಕ ಹಿಡಿಯುವುದು) ಎಂಬ ಮೂರು ವಿಧಾನದಲ್ಲೂ ಲೆಕ್ಕ ಹಾಕಿ ಉತ್ತರಗಳ ನಡುವೆ ಎಷ್ಟು ಅಂತರ ಬರುತ್ತದೆ ನೋಡಿ. ಆ ಅಂತರವೇ ನಿಮ್ಮ ಅನಿಶ್ಚಿತತೆ. ಅದನ್ನು ಮುಚ್ಚಿಟ್ಟು ಸರಾಸರಿ ತೆಗೆದು ಒಂದೇ ಸಂಖ್ಯೆ ಕೊಡುವುದು ಸ್ಟುಡಿಯೋಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು.

ವಾರಾಂತ್ಯಕ್ಕೆ ಗಿರಿಶ್ರೇಣಿ ನೋಡಲು ಬರುವವರು ಗಣತಿಯಲ್ಲಿ ಇಲ್ಲವೇ ಇಲ್ಲ. ಅವರೂ ನೀರು ಕುಡಿಯುತ್ತಾರೆ, ಕಸ ಹಾಕುತ್ತಾರೆ, ಗಾಡಿ ನಿಲ್ಲಿಸುತ್ತಾರೆ. ಈ ತೇಲುವ ಜನಸಂಖ್ಯೆಗೆ ಬೇರೆ ಸಾಲು ಬೇಕು.

ಪೇಟೆಯ ಅಭ್ಯಾಸ ಎಲ್ಲಕ್ಕಿಂತ ರುಚಿಕರ. ತಾಲ್ಲೂಕಿನ ಎಲ್ಲ ಸಂತೆಗಳನ್ನು ವಾರದ ದಿನದೊಂದಿಗೆ ಪಟ್ಟಿ ಮಾಡಿ ನಕ್ಷೆಯಲ್ಲಿ ಗುರುತಿಸಿ. ಕೈಪಿಡಿಯ ಗ್ರಾಮ ವಿವರದಲ್ಲಿ ವಾರದ ಸಂತೆಯ ಕಾಲಂ ಇದೆ. ಒಂದೇ ದಿನ ನಡೆಯುವ ಸಂತೆಗಳ ನಡುವೆ ದೂರ ಎಷ್ಟು, ಅಕ್ಕಪಕ್ಕದ ದಿನ ನಡೆಯುವವುಗಳ ನಡುವೆ ಎಷ್ಟು ಎಂದು ಅಳೆಯಿರಿ. ಪೇಟೆಗಳು ಸುತ್ತಲ ಹಳ್ಳಿಗಳನ್ನು ಸಮನಾಗಿ ಹಂಚಿಕೊಂಡು ನೆಲೆಸುತ್ತವೆ ಎಂದು ಕ್ರಿಸ್ಟಾಲರ್ 1933ರಲ್ಲಿ ಹೇಳಿದ ಕೇಂದ್ರ ಸ್ಥಾನಗಳ ಷಟ್ಕೋನ ಅರಸೀಕೆರೆ, ಕಡೂರಿನ ಬಯಲಿನಲ್ಲಿ ಅಲ್ಪಸ್ವಲ್ಪ ಕಾಣುತ್ತದೆ. ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಿ ಬೆಟ್ಟ, ಹೊಳೆ, ಘಾಟಿ ರಸ್ತೆ ಅದನ್ನು ಹಿಗ್ಗಾಮುಗ್ಗಾ ಎಳೆದಿರುತ್ತವೆ. ನೇರ ದೂರದ ಬದಲು ಬಸ್ಸಿನ ಸಮಯ ತೆಗೆದುಕೊಂಡರೆ ಚಿತ್ರ ಸರಿಯಾಗುತ್ತದೆ.

ಗಣತಿಯಲ್ಲಿ ಪಟ್ಟಣ ಎರಡು ಬಗೆ ಎಂಬುದನ್ನೂ ಇಲ್ಲೇ ಕಲಿಯಿರಿ. ಪುರಸಭೆ, ಪಟ್ಟಣ ಪಂಚಾಯಿತಿ ಇದ್ದರೆ ಶಾಸನಬದ್ಧ ಪಟ್ಟಣ. 5,000 ಜನ, ಚದರ ಕಿ.ಮೀ.ಗೆ 400ರ ಸಾಂದ್ರತೆ, ಗಂಡಸರ ಮುಖ್ಯ ದುಡಿಮೆಯಲ್ಲಿ ಶೇ. 75 ಕೃಷಿಯೇತರ, ಇಷ್ಟಿದ್ದೂ ಗ್ರಾಮ ಪಂಚಾಯಿತಿಯೇ ಆಳುತ್ತಿದ್ದರೆ ಗಣತಿ ಪಟ್ಟಣ. ಕಟ್ಟಡದ ಗೊಂದಲ ಹೆಚ್ಚು ಇರುವುದು ಎರಡನೆಯದರಲ್ಲಿ.

ಕಾನೂನು, ಕಚೇರಿ

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ನು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಓದಿ. ತರಗತಿಯಲ್ಲಿ ಇಂಗ್ಲಿಷ್, ಕಚೇರಿಯಲ್ಲಿ ಕನ್ನಡ. ಸ್ಥಳೀಯ ಯೋಜನಾ ಪ್ರದೇಶ ಘೋಷಿಸುವ 4-ಎ, ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ಅಧ್ಯಾಯ, ಭೂ ಉಪಯೋಗ ಬದಲಾವಣೆಯ 14-ಎ, ಬಡಾವಣೆ ವಿನ್ಯಾಸದ 17, ಇಷ್ಟನ್ನು ಮೊದಲು ಹಿಡಿಯಿರಿ. ಹಾಸನ, ಚಿಕ್ಕಮಗಳೂರಿನ ಪ್ರಾಧಿಕಾರಗಳು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯ ಕೆಳಗೆ ಬರುತ್ತವೆ. ಜಿಲ್ಲಾ ಯೋಜನಾ ಸಮಿತಿಗೆ ಸಂವಿಧಾನದ 243ಝಡ್‌ಡಿ ವಿಧಿ ಆಧಾರ.

ವಲಯ, ಭೂಪರಿವರ್ತನೆ, ಖಾತೆ ಮೂರನ್ನೂ ಒಂದೇ ಎಂದುಕೊಳ್ಳುವುದು ಊರಿನವರಲ್ಲಿ ಮಾತ್ರವಲ್ಲ, ಎಂ.ಪ್ಲಾನ್ ವಿದ್ಯಾರ್ಥಿಗಳಲ್ಲೂ ಇದೆ. ವಲಯ, ಅಂದರೆ ಯಾವ ಜಾಗ ಯಾವ ಬಳಕೆಗೆ ಎಂಬ ಗುರುತು, ಪ್ರಾಧಿಕಾರದ ನಕ್ಷೆಯಲ್ಲಿರುತ್ತದೆ, ಪರಿವರ್ತನೆ ಕಂದಾಯ ಇಲಾಖೆಯಲ್ಲಿ, ಖಾತೆ ಸ್ಥಳೀಯ ಸಂಸ್ಥೆಯಲ್ಲಿ. ಮೂರರ ದಾಖಲೆಗಳು ಒಂದಕ್ಕೊಂದು ಹೊಂದದಿರುವ ಸರ್ವೆ ನಂಬರ್‌ಗಳೇ ನಗರದ ಅಂಚಿನಲ್ಲಿ ಹೆಚ್ಚು. ಮಹಾ ಯೋಜನೆಯ ನಕ್ಷೆ ನೋಡುವಾಗ ಬಣ್ಣದ ಅರ್ಥ ಬಾಯಿಗೆ ಬರಲಿ: ವಸತಿ ಹಳದಿ, ವಾಣಿಜ್ಯ ನೀಲಿ, ಕೈಗಾರಿಕೆ ನೇರಳೆ, ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಕೆಂಪು, ಉದ್ಯಾನ ಹಸಿರು, ಸಾರಿಗೆ ಬೂದು.

ಸ್ಟುಡಿಯೋ ಮತ್ತು ಸಮೀಕ್ಷೆ

ಮೊದಲ ಸೆಮಿಸ್ಟರ್‌ನಲ್ಲಿ ಒಂದು ಬಡಾವಣೆ ಅಥವಾ ವಾರ್ಡು, ಎರಡನೆಯದರಲ್ಲಿ ಒಂದು ಪಟ್ಟಣ, ಮೂರನೆಯದರಲ್ಲಿ ಒಂದು ಪ್ರದೇಶ, ನಾಲ್ಕನೆಯದರಲ್ಲಿ ಪ್ರಬಂಧ. ಹೆಚ್ಚಿನ ಕಡೆ ಕ್ರಮ ಹೀಗೇ ಇರುತ್ತದೆ. ಎರಡನೆಯ ಮತ್ತು ಮೂರನೆಯ ಸೆಮಿಸ್ಟರ್‌ಗಳ ನಡುವಿನ ಬೇಸಿಗೆಯಲ್ಲಿ ಕಚೇರಿ ತರಬೇತಿ. ಸ್ಟುಡಿಯೋ ಗುಂಪಿನ ಕೆಲಸ. ನಕ್ಷೆ ಒಬ್ಬನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ ಅವನಿಗೆ ಜ್ವರ ಬಂದ ದಿನ ಎಲ್ಲರ ಕೆಲಸ ನಿಲ್ಲುತ್ತದೆ. ಮೂಲ ನಕ್ಷೆಯನ್ನು ಮೊದಲ ವಾರವೇ ಬೀಗ ಹಾಕಿದಂತೆ ಸ್ಥಿರಗೊಳಿಸಿ, ಆಮೇಲೆ ಗಡಿ ತಿದ್ದಬೇಡಿ. ಗಡಿ ಬದಲಾದರೆ ಪ್ರತಿ ಕೋಷ್ಟಕದ ಶೇಕಡಾವಾರೂ ಬದಲಾಗುತ್ತದೆ.

ಮನೆ ಸಮೀಕ್ಷೆಗೆ ಮಾದರಿ ಎಷ್ಟು? 30,000 ಮನೆಗಳ ಊರಿಗೆ ಶೇ. 5ರ ದೋಷ ಒಪ್ಪಿದರೆ, 30,000ವನ್ನು 1 ಕೂಡಿಸು 30,000 ಗುಣಿಸು 0.0025ರಿಂದ (0.05ರ ವರ್ಗ), ಅಂದರೆ 76ರಿಂದ ಭಾಗಿಸಿ: 395. ಬಾಗಿಲು ತೆರೆಯದವರು, ಅರ್ಧಕ್ಕೆ ನಿಲ್ಲಿಸುವವರು ಇರುವುದರಿಂದ ಶೇ. 10 ಸೇರಿಸಿ 435 ಇಟ್ಟುಕೊಳ್ಳಿ. ಆದರೆ ಇದು ಇಡೀ ಊರಿಗೆ ಸಾಕಾಗುವ ಸಂಖ್ಯೆ. ಅದನ್ನೇ 35 ವಾರ್ಡಿಗೆ ಹಂಚಿ ವಾರ್ಡುವಾರು ತೀರ್ಮಾನ ಬರೆದರೆ ಒಂದೊಂದಕ್ಕೆ ಹನ್ನೆರಡು ಮನೆ ಸಿಗುತ್ತವೆ, ಯಾವ ಪರೀಕ್ಷಕರೂ ಒಪ್ಪುವುದಿಲ್ಲ.

ಸಮೀಕ್ಷೆಯ ಕಾಲವನ್ನು ಪಂಚಾಂಗ ನೋಡಿ ಗೊತ್ತುಮಾಡಿ. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಹಾಸನದಲ್ಲಿ ವಾಹನ ಎಣಿಸಿದರೆ ಆ ಸಂಖ್ಯೆ ಜಾತ್ರೆಯ ಯೋಜನೆಗೆ ಮಾತ್ರ ಉಪಯೋಗ. ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ಸಮಯ ಚಿಕ್ಕಮಗಳೂರಿಗೂ ಇದೇ ಮಾತು. ಜೂನ್‌ನಿಂದ ಸೆಪ್ಟೆಂಬರ್ ಮಲೆನಾಡಿನಲ್ಲಿ ಕಾಗದ ಒದ್ದೆಯಾಗುತ್ತದೆ, ಜನ ಮಾತಾಡಲು ಹೊರಗೆ ನಿಲ್ಲುವುದಿಲ್ಲ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಲೈನ್ ಮನೆಗಳು ಹೊರಗಿನ ಕೂಲಿಕಾರರಿಂದ ತುಂಬಿರುತ್ತವೆ, ಏಪ್ರಿಲ್‌ನಲ್ಲಿ ಅವೇ ಖಾಲಿ. ಯಾವ ತಿಂಗಳು ಹೋದಿರಿ ಎಂಬುದನ್ನು ಕೋಷ್ಟಕದ ತಲೆಯಲ್ಲೇ ಬರೆಯಿರಿ. ಹೆದ್ದಾರಿಯಲ್ಲಿ ವಾಹನ ಎಣಿಸುವಾಗ 15 ನಿಮಿಷಕ್ಕೊಂದು ಸಾಲು. ಪ್ರತಿ ವಾಹನವನ್ನೂ ಎಷ್ಟು ಕಾರಿಗೆ ಸಮ ಎಂದು ಪರಿವರ್ತಿಸಬೇಕು: ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಗ್ರಾಮೀಣ ರಸ್ತೆಯ ಕೈಪಿಡಿ ಐಆರ್‌ಸಿ 64 ಪ್ರಕಾರ ಬೈಕಿಗೆ 0.5, ಕಾರಿಗೆ 1, ಬಸ್ಸು-ಲಾರಿಗೆ 3, ಟ್ರೇಲರ್ ಹಾಕಿದ ಟ್ರ್ಯಾಕ್ಟರಿಗೆ 4.5. ಚನ್ನರಾಯಪಟ್ಟಣದ ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರನ್ನು ಕಾರಿನ ಕಾಲಂಗೆ ಸೇರಿಸಿದರೆ ರಸ್ತೆ ಖಾಲಿಯಿದೆ ಎಂದು ತೋರುತ್ತದೆ.

ಪ್ರಬಂಧದ ವಿಷಯ

ಮಲೆನಾಡಿನ ಸುಸ್ಥಿರ ಅಭಿವೃದ್ಧಿ ಎಂಬಂಥ ತಲೆಬರಹ ಬೇಡ. ಹದಿನಾರು ವಾರದಲ್ಲಿ ಮುಗಿಯಬೇಕು. ಒಂದು ಜಾಗ, ಒಂದು ಪ್ರಶ್ನೆ, ಕೈಗೆ ಸಿಗುವ ದತ್ತಾಂಶ, ಈ ಮೂರೂ ಕೂಡಿದರೆ ಮಾತ್ರ ವಿಷಯ.

ಬೇಲೂರು ಒಳ್ಳೆಯದು. 2023ರಲ್ಲಿ ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ ದೇಗುಲಗಳು ವಿಶ್ವ ಪರಂಪರೆ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಕಟ್ಟಡಕ್ಕೆ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಈ ಎರಡು ಸುತ್ತುಗಳನ್ನು ಕ್ಯೂಜಿಐಎಸ್‌ನಲ್ಲಿ ಎಳೆದು ಒಳಗೆ ಎಷ್ಟು ಮನೆ, ಅಂಗಡಿ ಬರುತ್ತವೆ, ಅವರಿಗೆ ದುರಸ್ತಿಗೆ ಏನು ದಾರಿ ಎಂದು ನೋಡಿದರೆ ಒಂದು ಪೂರ್ಣ ಪ್ರಬಂಧ. ಸುತ್ತನ್ನು ಗೋಪುರದ ನಡುಬಿಂದುವಿನಿಂದ ಎಳೆಯಬಾರದು, ಸಂರಕ್ಷಿತ ಗಡಿಯಿಂದ ಎಳೆಯಬೇಕು. ಇಲ್ಲವಾದರೆ ಎರಡು ಬೀದಿ ತಪ್ಪಿಹೋಗುತ್ತವೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2024ರ ಜುಲೈ 31ರಂದು ಆರನೇ ಬಾರಿ ಹೊರಬಂತು. ಕರ್ನಾಟಕದ ಪಾಲು 20,668 ಚದರ ಕಿ.ಮೀ. ಪಟ್ಟಿಯಲ್ಲಿರುವ ಒಂದು ಹಳ್ಳಿ, ಪಕ್ಕದ ಇಲ್ಲದ ಒಂದು ಹಳ್ಳಿ, ಎರಡರ ಭೂಬಳಕೆ ಹೋಲಿಸಬಹುದು. ಹೋಂಸ್ಟೇಗಳ ನೀರಿನ ಮೂಲ, ಆಲೂರು-ಸಕಲೇಶಪುರದಲ್ಲಿ ಆನೆ ದಾಟುವ ಜಾಗ ಮತ್ತು ಹೊಸ ಬಡಾವಣೆಗಳು, ಮುಳ್ಳಯ್ಯನಗಿರಿ ರಸ್ತೆ ಎಷ್ಟು ವಾಹನ ತಾಳುತ್ತದೆ ಎಂಬುದು ಇವೂ ನಡೆಯುತ್ತವೆ. ಎತ್ತಿನಹೊಳೆ ಯೋಜನೆಯನ್ನು ಇಡಿಯಾಗಿ ತೆಗೆದುಕೊಳ್ಳಬೇಡಿ, ಅರಸೀಕೆರೆಯ ಕೆಲವು ಕೆರೆಗಳಿಗೆ ಸೀಮಿತ ಮಾಡಿ.

ದತ್ತಾಂಶ ಕೇಳಲು ಮೊದಲು ಸಂಸ್ಥೆಯ ಪತ್ರ ಹಿಡಿದು ಕಚೇರಿಗೆ ಹೋಗಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಆದ್ದರಿಂದ ಜನವರಿಯಲ್ಲಿ ಪ್ರಬಂಧ ಶುರುವಾಗುವುದಾದರೆ ಅರ್ಜಿ ನವೆಂಬರ್‌ನಲ್ಲೇ ಹೋಗಿರಬೇಕು.

ಹಣ, ಮಾನ್ಯತೆ, ನೌಕರಿ

ಗೇಟ್ ಮೂಲಕ ಸೇರಿದವರಿಗೆ ಕೇಂದ್ರ ಸಂಸ್ಥೆಗಳಲ್ಲಿ, ಎಐಸಿಟಿಇ ಒಪ್ಪಿದ ಕೋರ್ಸುಗಳಲ್ಲಿ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಇದೆ. ಆರಂಭದ ಕಂತು ತಡವಾಗುವುದು ಸಾಮಾನ್ಯ, ಮೂರು ತಿಂಗಳ ಖರ್ಚು ಕೈಯಲ್ಲಿರಲಿ. ಲ್ಯಾಪ್‌ಟಾಪಿಗೆ 16 ಜಿಬಿ ರ‍್ಯಾಮ್ ಬೇಕು. 8 ಜಿಬಿಯಲ್ಲಿ ಉಪಗ್ರಹ ಚಿತ್ರ ತೆರೆದರೆ ಚಹಾ ಕುಡಿದು ಬರಬಹುದು.

ಸೀಟು ಒಪ್ಪುವ ಮೊದಲು ಆ ಕೋರ್ಸಿಗೆ, ನೀವು ಸೇರುವ ವರ್ಷಕ್ಕೆ, ಇನ್‌ಸ್ಟಿಟ್ಯೂಟ್ ಆಫ್ ಟೌನ್ ಪ್ಲಾನರ್ಸ್ ಇಂಡಿಯಾದ ಮಾನ್ಯತೆ ಇದೆಯೇ ನೋಡಿ. ಸಂಸ್ಥೆಗಲ್ಲ, ಕೋರ್ಸಿಗೆ. ಒಂದೇ ಕಾಲೇಜಿನ ಎರಡು ಕೋರ್ಸುಗಳಲ್ಲಿ ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಮಾನ್ಯತೆ ಇದ್ದರೆ ಮುಗಿಸಿದ ಮೇಲೆ ಅಸೋಸಿಯೇಟ್ ಸದಸ್ಯತ್ವಕ್ಕೆ ಅರ್ಜಿ ಹಾಕುವುದು ಸುಲಭ, ಅನೇಕ ಟೆಂಡರ್ ಮತ್ತು ನೇಮಕಾತಿ ಅಧಿಸೂಚನೆಗಳು ಅದನ್ನು ಕೇಳುತ್ತವೆ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಹುದ್ದೆಗಳು ಕೆಪಿಎಸ್‌ಸಿ ಮೂಲಕ, ಆದರೆ ಪ್ರತಿ ವರ್ಷ ಬರುವುದಿಲ್ಲ. ನಡುವೆ ಖಾಸಗಿ ಸಲಹಾ ಸಂಸ್ಥೆಗಳು, ಬೆಂಗಳೂರಿನ ನಗರ ಭೂ ಸಾರಿಗೆ ನಿರ್ದೇಶನಾಲಯದ ಯೋಜನೆಗಳು, ಕೇಂದ್ರದ ಅಮೃತ್ ಯೋಜನೆಗೆ ಸೇರಿದ ನಗರಗಳ ಜಿಐಎಸ್ (ಗಣಕ ನಕ್ಷೆ) ಆಧಾರಿತ ಮಹಾ ಯೋಜನೆಯ ಕೆಲಸಗಳು ಸಿಗುತ್ತವೆ. ಕೆಪಿಎಸ್‌ಸಿ ಅಧಿಸೂಚನೆ ಬಂದಾಗ ಮೊದಲು ವಿದ್ಯಾರ್ಹತೆಯ ಕಾಲಂ ಓದಿ: ನಿಮ್ಮ ಪದವಿ ಪತ್ರದ ಮೇಲಿರುವ ಹೆಸರು ಅಲ್ಲಿ ಅಕ್ಷರಶಃ ಇಲ್ಲದಿದ್ದರೆ, ತತ್ಸಮಾನ ಎಂಬ ಪತ್ರವನ್ನು ವಿಶ್ವವಿದ್ಯಾಲಯದಿಂದ ಅರ್ಜಿಯ ಕೊನೆಯ ದಿನಕ್ಕೆ ಮುಂಚೆಯೇ ತರಿಸಿಟ್ಟುಕೊಳ್ಳಬೇಕು.